ಕುರ್ಚಿಯ ಕಾಲುಂಗುರ

ಹಿರಿಯರ ಎಡೆಗೆಂದೇ ಅಟ್ಟದ ಮೇಲಿಟ್ಟಿದ್ದ ಹಿತ್ತಾಳೆ ತಟ್ಟೆ, ಚೊಂಬು, ದೀಪದ ಕಂಬಗಳನ್ನು ಇಳಿಸಿಕೊಂಡು ಬಚ್ಚಲ ಕಲ್ಲಿನ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕುತ್ತಾ ಕೂತಿದ್ದೆ. ಮಹಾಲಯ ಅಮಾವಾಸ್ಯೆಗೆ ಇನ್ನು ಎರಡೇ ದಿನ. ಒಳಗೆ ಫೋನು ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು. ಹುಳಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗಿ ಎತ್ತಿದೆ. ನಮ್ಮ ಯಜಮಾನರು. ಕೆಜಿಎಫ್‌ನ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ ಮುಗಿಸಿ, ನಾವು ಕಟ್ಟು ಹಾಕಿಸಲು ಕೊಟ್ಟಿದ್ದ ಫೋಟೋ ತರಲು ಆಂಡರ್ಸನ್‌ಪೇಟೆಗೆ ಹೋಗಿದ್ದರು.

"ನೀನು ಒಂಚೂರು ಇಲ್ಲೀಗಂಟ ಬಾ," ಅಂದರು.

"ಯಾಕೆ, ಮೈ ಉಸಾರಿಲ್ವಾ?"

"ನಂಗೇನಾಗಿಲ್ಲ. ಅಂಗಡಿಯೋರು ಏನೋ ಏಳ್ತಾವ್ರೆ. ಫೋಟೋದಾಗೆ ಆ ಕುರ್ಚಿ ಐತಲ್ಲ…"

"ಊಂ."

"ಅದು ಕುರ್ಚಿ ಅಲ್ವಂತೆ ಕಣೇ."

ಆ ಕಡೆ ಆಟೋಗಳ ಸದ್ದು ಮಾತ್ರ ಕೇಳುತ್ತಿತ್ತು. "ಅಮ್ಮಂಗೆ ಏನೂ ಏಳ್ಬ್ಯಾಡ. ಕಟ್ಟು ಆರಿಸೋಕೆ ಓಯ್ತೀನಿ ಅನ್ನು," ಅಂದು ಇಟ್ಟರು. ಅರ್ಧ ತಿಕ್ಕಿದ ತಟ್ಟೆಗಳ ಮೇಲೆ ನೀರು ಸುರಿದು ನಾನು ಸೀರೆ ಬದಲಾಯಿಸಿದೆ.

ಆ ಫೋಟೋ ಅಂಗಡಿ ಸೇರಿದ್ದು ನನ್ನಿಂದಲೇ. ಹಬ್ಬಕ್ಕೆ ಧೂಳು ಹೊಡೆಯುವಾಗ ಗೋಡೆಯಿಂದ ಇಳಿಸಲು ಹೋಗಿ ಕೈ ಜಾರಿತು. ಗಾಜು ಮೂರು ಸೀಳಾಯಿತು. ಒಳಗಿನ ಚಿತ್ರಕ್ಕೆ ಒಂದು ಗೀರೂ ಬೀಳಲಿಲ್ಲ, ನನ್ನ ಕಾಲಿಗೂ ಚುಚ್ಚಲಿಲ್ಲ. ಅಷ್ಟಕ್ಕೇ ನಾನು ದೇವರಿಗೆ ಕೈ ಮುಗಿದೆ. ನಮ್ಮತ್ತೆ ಮಾತ್ರ ಎದೆ ಹಿಡಿದುಕೊಂಡು ಕೂತುಬಿಟ್ಟರು. "ಹಿರೀರ ದಿನದಾಗೆ ಹಿರೀರನ್ನೇ ಕೆಡವಿದ್ಯಲ್ಲೇ," ಅಂದರು.

ಬಂಗಾರಪೇಟೆಯ ಪಕ್ಕದ ನಮ್ಮೂರಿನಲ್ಲಿ ನಮ್ಮ ಮನೆಗೆ ಕುರ್ಚಿಮನೆ ಅಂತ ಹೆಸರು. ಹೊಲದ ಲೆಕ್ಕದಲ್ಲಿ ನಮಗಿಂತ ದೊಡ್ಡವರು ಊರಲ್ಲಿ ನಾಲ್ಕಾರು ಮನೆಯವರಿದ್ದಾರೆ. ಹೆಸರು ಮಾತ್ರ ನಮಗೆ, ಅದೂ ಆ ಒಂದು ಫೋಟೋದಿಂದ. ಬಿಳಿಯರು ಕೆಜಿಎಫ್‌ನಲ್ಲಿ ಚಿನ್ನದ ಗಣಿ ತೋಡಲು ಶುರುಮಾಡಿದ ಕಾಲದ್ದು. ಕಂದು ಬಣ್ಣ ಹಳದಿಗೆ ತಿರುಗಿದ ಕಾಗದ. ಕಸೂತಿ ಲಂಗ ತೊಟ್ಟ ವರ್ಷ ತುಂಬಿದ ಮಗು, ಕಪ್ಪು ಬಟ್ಟೆ ಹೊದಿಸಿದ ಎತ್ತರದ ಕುರ್ಚಿಯ ಮೇಲೆ ನೆಟ್ಟಗೆ ಕೂತಿದೆ. ಸುತ್ತ ಮೊಟ್ಟೆಯಾಕಾರಕ್ಕೆ ಕತ್ತರಿಸಿದ ದಪ್ಪ ರಟ್ಟು. ಆ ಮಗು ನಮ್ಮ ಯಜಮಾನರ ತಾತನ ಅಪ್ಪ ಅಂತ ಮನೆಯ ಮಾತು. ಅವರಪ್ಪ ಗಣಿಯಲ್ಲಿ ಮೇಸ್ತ್ರಿಯಾಗಿದ್ದರಂತೆ, ದೊರೆಗೆ ಈ ಮಗುವಿನ ಮೇಲೆ ಪ್ರಾಣವಂತೆ, ತನ್ನ ಕುರ್ಚಿಯ ಮೇಲೇ ಕೂರಿಸಿ ಫೋಟೋ ಹಿಡಿಸಿದರಂತೆ. ನಮ್ಮವರು ದೊರೆಗಳ ಮುಂದೆ ಕೈ ಕಟ್ಟಿ ನಿಲ್ಲುತ್ತಿದ್ದ ಕಾಲದಲ್ಲಿ ನಮ್ಮ ಮನೆಯ ಕೂಸು ಅವರ ಕುರ್ಚಿಯಲ್ಲಿ ಕೂತಿತ್ತು. ಗಂಡು ಮಗುವಿಗೆ ಲಂಗ ಯಾಕೆ ಅಂದರೆ ಅದಕ್ಕೂ ಉತ್ತರವಿತ್ತು: ಮೊದಲ ಎರಡು ಕೂಸು ಉಳಿಯದೆ ಹೋದದ್ದಕ್ಕೆ, ದೃಷ್ಟಿ ತಾಗದಿರಲಿ ಅಂತ ಹರಕೆ ಹೊತ್ತು ಹೆಣ್ಣಿನ ಉಡುಪು ಹಾಕಿದ್ದರು.

ಯಾರ ಮನೆಯ ಕಾರ್ಯವಾದರೂ ನಮ್ಮ ಮನೆಯವರು ಚಪ್ಪರದೊಳಗೆ ಕಾಲಿಟ್ಟರೆ, "ಕುರ್ಚಿಮನೆಯೋರು ಬಂದ್ರು, ಕುರ್ಚಿ ಆಕ್ರಪ್ಪೋ," ಅನ್ನುವುದು ಊರಿನ ರೂಢಿ. ಅರ್ಧ ಗೌರವ, ಅರ್ಧ ತಮಾಷೆ. ನಮ್ಮತ್ತೆಗೆ ಅದರಲ್ಲಿ ತಮಾಷೆ ಕೇಳಿಸುತ್ತಿರಲಿಲ್ಲ. ನನ್ನಪ್ಪ ನನ್ನನ್ನು ಕೊಡುವಾಗಲೂ ನಾಲ್ಕು ಜನರ ಮುಂದೆ ಹೇಳಿದ್ದು ಅದೇ, "ಕುರ್ಚಿಮನೆಗೆ ಕೊಡ್ತಾ ಇವ್ನಿ."

ಮಗುವಿನ ಮುಖ ಬಿಳಿ. ಹಳೆಯ ಫೋಟೋ, ಮಾಸಿ ಬೆಳ್ಳಗಾಗಿದೆ ಅಂತ ನಾನು ಅಂದುಕೊಂಡಿದ್ದೆ. ಅತ್ತೆ ಹಾಗೆ ಅಂದುಕೊಂಡಿರಲಿಲ್ಲ. ನಾನು ಕಪ್ಪು. ಮಗಳು ಹುಟ್ಟಿದಾಗ ಅವಳನ್ನು ಎಣ್ಣೆ ನೀರು ಹಾಕಿ ತಂದು ಫೋಟೋದ ಮುಂದೆ ಹಿಡಿದು, "ನೋಡ್ಕಳಪ್ಪಾ, ನಿನ್ನ ಬಣ್ಣ ಉಳಿಸ್ಕಳೋಕೆ ನಮ್ಮ ಕೈಲಾಗಲಿಲ್ಲ," ಅಂದರು. ಬಾಣಂತಿ ನಾನು ಗೋಡೆ ಕಡೆ ತಿರುಗಿ ಮಲಗಿದೆ. ಆದರೂ ಮೊದಲ ಮೂರು ತಿಂಗಳು ನನ್ನ ಕೈಗೆ ತಣ್ಣೀರು ಸೋಕದಂತೆ ನೋಡಿಕೊಂಡವರೂ ಅವರೇ. ಎರಡನ್ನೂ ಬರೆಯಬೇಕು.

ಇನ್ನೊಂದು ಮಾತು ನಾನು ಯಾರಿಗೂ ಹೇಳಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ, ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋದ ಮೇಲೆ, ನಡುಮನೆಯ ಗವಾಕ್ಷಿಯಿಂದ ಬಿಸಿಲು ಸರಿದು ಆ ಗಾಜಿನ ಮೇಲೆ ಬೀಳುತ್ತಿತ್ತು. ಮಗು ಬೆಳಕಿನಲ್ಲಿ ಮಾಯವಾಗಿ ಹಿಂದಿನ ಕಪ್ಪು ಮಾತ್ರ ಉಳಿಯುತ್ತಿತ್ತು. ಆ ಕಪ್ಪಿಗೆ ತಲೆ ಇದ್ದ ಹಾಗೆ, ಅದು ಸ್ವಲ್ಪ ಬಗ್ಗಿದ ಹಾಗೆ ಕಾಣುತ್ತಿತ್ತು. ನಾನು ಅಕ್ಕಿ ಆರಿಸಲು ಕೂತರೆ ಅದಕ್ಕೆ ಬೆನ್ನು ಹಾಕಿ ಕೂರುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ ಕೇಳಿದೆ.

"ಅತ್ತಮ್ಮ, ಆ ಕುರ್ಚಿಗೆ ಭುಜ ಇದ್ದಂಗೈತಲ್ಲ?"

"ಕುರ್ಚಿಗೆ ಭುಜ ಇರದೆ ಬಾಲ ಇರ್ತದಾ? ಮುಸುರೆ ತಿಕ್ಕೋಗು," ಅಂದರು.

ಅಂದಿನಿಂದ ಗಾಜು ಒರೆಸುವಾಗ ಮಗುವಿನ ಹಣೆಗೆ ಕುಂಕುಮವಿಟ್ಟು, ಕಣ್ಣು ಮುಚ್ಚಿಕೊಂಡು ಉಳಿದ ಭಾಗ ಒರೆಸುತ್ತಿದ್ದೆ.

ಬಂಗಾರಪೇಟೆಯಿಂದ ಮಾರಿಕುಪ್ಪಂ ಪ್ಯಾಸೆಂಜರ್ ರೈಲು ಸಿಕ್ಕಿತು, ಕೂರಲು ಜಾಗವೂ ಸಿಕ್ಕಿತು. ಕೋರಮಂಡಲ್ ದಾಟಿದ ಮೇಲೆ ಚಿನ್ನ ತೆಗೆದು ಸುರಿದ ಗಣಿ ಮಣ್ಣಿನ ಸೈನೈಡ್ ದಿಬ್ಬಗಳು ಬಂದವು, ಬೂದಿ ಬಣ್ಣ, ಹುಲ್ಲು ಹುಟ್ಟದ ಗುಡ್ಡಗಳು. ನಮ್ಮ ಮಗಳು ಚಿಕ್ಕವಳಿದ್ದಾಗ ಅವನ್ನು ಆನೆ ಮಲಗೈತೆ ಅನ್ನುತ್ತಿದ್ದಳು. ಅವತ್ತು ನನಗೆ ಮುಸುಕು ಹೊದ್ದು ಕೂತವರ ಸಾಲು ಕಂಡಿತು. ಚಾಂಪಿಯನ್‌ನಲ್ಲಿ ರೈಲು ಇಳಿದು ಆಟೋ ಹಿಡಿದೆ.

ಫೋಟೋ ಅಂಗಡಿಯವರು ವಯಸ್ಸಾದವರು. ಅವರಪ್ಪ, ತಾತ ಗಣಿಯಲ್ಲಿ ದುಡಿದವರು. ಗೋಡೆ ತುಂಬ ದೇವರುಗಳು, ಕೆಳಗೆ ನೆಲದ ಮೇಲೆ ಸತ್ತವರು, ಇಸ್ಕೊಂಡು ಹೋಗಲು ಬರದ ಮನೆಯವರಿಗಾಗಿ ಕಾಯುತ್ತಾ ಸಾಲಾಗಿ ಒರಗಿದ್ದರು. ನಮ್ಮ ಯಜಮಾನರು ಒಂದು ಸ್ಟೂಲಿನ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದರು.

"ಬಾಮ್ಮಾ," ಅಂದರು ಅಂಗಡಿಯವರು. "ಬೇಜಾರು ಮಾಡ್ಕೋಬೇಡಿ. ನಾನು ಗಾಜು ಹಾಕಿ ಕೊಟ್ಟಿದ್ರೆ ಯಾರಿಗೂ ತಿಳೀತಿರ್ಲಿಲ್ಲ. ಆದ್ರೆ ಮನಸು ಕೇಳ್ಲಿಲ್ಲ. ನೀವೇ ನೋಡಮ್ಮಾ."

ರಟ್ಟು ಬೇರೆ, ಫೋಟೋ ಬೇರೆ ಇಟ್ಟಿದ್ದರು. ರಟ್ಟಿಲ್ಲದ ಫೋಟೋವನ್ನು ನಾನು ನೋಡಿದ್ದು ಅದೇ ಮೊದಲು. ರಟ್ಟು ಮುಚ್ಚಿದ್ದ ಅಂಚುಗಳು ಮಾಸಿರಲಿಲ್ಲ, ನಡುವಿಗಿಂತ ಅವೇ ಸ್ಪಷ್ಟವಾಗಿದ್ದವು. ಮಗುವಿನ ಸೊಂಟದ ಎರಡೂ ಬದಿಯಲ್ಲಿ, ಕಪ್ಪು ಬಟ್ಟೆಯ ಕೆಳಗಿನಿಂದ, ಎರಡು ಕೈ ಹೊರಗೆ ಬಂದಿದ್ದವು. ಕಪ್ಪು ಕೈ. ದುಡಿದ ಕೈ. ಕೆಳಗೆ, ಬಟ್ಟೆಯ ಅಂಚು ನೆಲಕ್ಕೆ ತಾಗುವಲ್ಲಿ, ಬರಿಗಾಲಿನ ಬೆರಳುಗಳು. ಎರಡನೇ ಬೆರಳಲ್ಲಿ ಕಾಲುಂಗುರ.

ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೆ ನೋಡಿದೆ.

"ಆಗಿನ ಕ್ಯಾಮೆರಾ ಮುಂದೆ ತುಂಬಾ ಹೊತ್ತು ಅಲ್ಲಾಡ್ದೆ ಇರ್ಬೇಕಮ್ಮ," ಅವರು ಹೇಳಿದರು. "ದೊಡ್ಡೋರು ಇರ್ತಾರೆ, ಚಿಕ್ಕ ಮಕ್ಳು ಇರ್ತಾವಾ? ಅದಕ್ಕೆ ಯಾರನ್ನಾದ್ರೂ ಕೂರಿಸಿ, ಮೇಲೆ ಕಂಬಳಿ ಹೊದಿಸಿ, ತೊಡೆ ಮೇಲೆ ಮಗು ಇಡೋದು. ಫೋಟೋದಲ್ಲಿ ಮಗು ಮಾತ್ರ ಇರ್ಬೇಕು. ಇಂಥದು ನಾನು ಇನ್ನೊಂದು ನೋಡಿದೀನಿ. ಬಿಳಿಯರು ತಮ್ಮ ಮಕ್ಳಿಗೆ ತೆಗೆಸ್ತಿದ್ದಿದ್ದು."

"ತಮ್ಮ ಮಕ್ಕಳಿಗೆ," ಅಂದೆ.

ಅವರು ಫೋಟೋ ತಿರುಗಿಸಿದರು. ಹಿಂಬದಿಯಲ್ಲಿ ಸ್ಟುಡಿಯೋ ಹೆಸರಿದ್ದ ಜಾಗವನ್ನು ಹುಳ ತಿಂದಿತ್ತು. ಕೆಳಗೆ ಇಂಗ್ಲಿಷಿನಲ್ಲಿ, ಓರೆ ಅಕ್ಷರದಲ್ಲಿ ಶಾಯಿಯಿಂದ ಬರೆದ ಒಂದು ಸಾಲು ಉಳಿದಿತ್ತು. ಅಂಗಡಿಯವರು ಬೆರಳಿಟ್ಟು ಓದಿ ಕನ್ನಡದಲ್ಲಿ ಹೇಳಿದರು: ನಮ್ಮ ಆಯಾಗೆ, ಅವಳ ಪುಟ್ಟ ದೊರೆಯ ನೆನಪಿಗೆ.

ಆಯಾ. ಬಂಗಲೆಯಲ್ಲಿ ಮಗು ಆಡಿಸುತ್ತಿದ್ದವಳು. ಅವಳು ಆ ಫೋಟೋವನ್ನು ಮನೆಗೆ ತಂದಿದ್ದಳು. ಅವಳು ಸತ್ತಳು, ಅವಳ ಮಾತೂ ಸತ್ತಿತು, ಗೋಡೆಯ ಮೇಲೆ ಫೋಟೋ ಉಳಿಯಿತು. ನಾವು ದೊರೆಯ ಮಗುವನ್ನು ತಾತ ಅಂದೆವು, ನಮ್ಮ ಅಜ್ಜಿಯನ್ನು ಕುರ್ಚಿ ಅಂದೆವು.

"ಇವ್ರು ಯಾರೋ ಬೇರೆ ಆಯಾ ಇರ್ಬೋದಲ್ಲ," ಅಂದರು ನಮ್ಮ ಯಜಮಾನರು, ತಲೆ ಎತ್ತದೆ.

ಚಿತ್ರದ ಎಡಗೈ ಕಿರುಬೆರಳನ್ನು ನಾನು ತೋರಿಸಿದೆ. ಫೋಟೋದ ಕೈಯಲ್ಲಿ ಆ ಬೆರಳು ಒಳಕ್ಕೆ ಸೊಟ್ಟಗಿತ್ತು. ನಮ್ಮ ಯಜಮಾನರದ್ದೂ ಹಾಗೇ, ನಮ್ಮ ಮಗಳದ್ದೂ ಹಾಗೇ. ಅವರು ತಮ್ಮ ಕೈಯನ್ನು ಒಮ್ಮೆ ನೋಡಿಕೊಂಡು ಪ್ಯಾಂಟಿನ ಜೇಬಿಗೆ ಹಾಕಿದರು.

ಅಂಗಡಿಯವರು ರಟ್ಟನ್ನು ಕೈಗೆತ್ತಿಕೊಂಡರು. "ಇದು ಫೋಟೋ ಜೊತೆ ಬಂದಿದ್ದಲ್ಲ. ಆಮೇಲೆ ಯಾರೋ ಹಾಕ್ಸಿದ್ದಾರೆ. ಇಲ್ಲಿ ನೋಡಿ, ಕತ್ತರಿಸೋ ಮುಂಚೆ ಪೆನ್ಸಿಲ್ ಗೆರೆ ಎಳೆದಿದ್ದಾರೆ. ಕೈಯೆಲ್ಲಾ ಸರಿಯಾಗಿ ಮುಚ್ಚೋ ಹಾಗೆ ಅಳತೆ." ಆಮೇಲೆ ನಮ್ಮಿಬ್ಬರ ಮುಖ ನೋಡಿದರು. "ನಾನು ಕೇಳೋದು ಇಷ್ಟೆ. ಇದನ್ನ ಮತ್ತೆ ಹಾಕ್ಲಾ, ಬೇಡ್ವಾ?"

"ಆಕ್ಬುಡಿ," ಅಂದರು ಯಜಮಾನರು ತಟ್ಟನೆ. "ಎಂಗಿತ್ತೋ ಅಂಗೇ ಇರ್ಲಿ. ಅಮ್ಮಂಗೆ ಎಂಬತ್ತು ದಾಟೈತೆ. ಇದನ್ನ ಕೇಳಿದ್ರೆ ಅವ್ಳು ಉಳೀತಾಳಾ? ಊರೋರು ಕುರ್ಚಿಮನೆ ಅನ್ನೋರು ನಾಳೆಯಿಂದ ಆಯಾಮನೆ ಅಂತಾರೆ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮತ್ತೆಯ ಬದುಕಿನಲ್ಲಿ ಹಿಡಿದುಕೊಳ್ಳಲು ಇದ್ದದ್ದು ಆ ಹೆಸರೊಂದೇ. ಆದರೆ ನಾನು ಆ ಕಾಲುಂಗುರವನ್ನು ನೋಡಿಬಿಟ್ಟಿದ್ದೆ. ನಮ್ಮ ಮನೆಗೆ ಸೊಸೆಯಾಗಿ ಬಂದವಳು. ನಮ್ಮ ಮನೆಯ ಗೋಡೆಯ ಮೇಲೇ ಇದ್ದಾಳೆ. ವರ್ಷ ವರ್ಷ ಅವಳ ಕಣ್ಣೆದುರೇ ಎಲೆ ಹಾಕಿ ಅವಳ ತೊಡೆಯ ಮೇಲಿನ ಕೂಸಿಗೆ ಬಡಿಸುತ್ತೇವೆ. ಅವಳಿಗೆ ಒಂದು ತುತ್ತಿಲ್ಲ. ಮುಸುಕಿನೊಳಗೆ ಕೂತು ವಾಸನೆ ಕುಡಿಯುತ್ತಾಳೆ. ನಾನು ಅವಳಿಗೆ ಹೆದರಿ ಕಣ್ಣು ಮುಚ್ಚಿಕೊಂಡು ಗಾಜು ಒರೆಸಿದ್ದೆ. ರಟ್ಟು ಹಾಕಿದರೆ ಮುಂದಿನ ಅಮಾವಾಸ್ಯೆಗೂ ಹಸಿದೇ ಇರುತ್ತಾಳೆ, ಅದೂ ನಮಗೆ ಗೊತ್ತಿದ್ದು.

"ಗಾಜು ಮಾತ್ರ ಆಕಿ," ಅಂದೆ. "ರಟ್ಟು ಕೈಗೆ ಕೊಡಿ. ಅತ್ತಮ್ಮನ್ನ ಕೇಳಿ ನೋಡನ."

"ನೀನು ಅಮ್ಮಂಗೆ ಏಳ್ತೀಯಾ?"

"ಎಡೆ ಇಕ್ಕೋ ಮನೆಗೆ ಯಜಮಾನ್ತಿ ಅವ್ರು. ಅವ್ರನ್ನ ಕೇಳ್ದೆ ನಾನ್ಯಾರು ಮುಚ್ಚೋಕೆ?"

ಅವರು ಗಾಜು ಹಾಕುವವರೆಗೆ ಕಾದು, ರಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಫೋಟೋವನ್ನು ಪೇಪರು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ತಿರುವುಗಳಲ್ಲಿ ಜಾರದಂತೆ ಎರಡೂ ಕೈಯಲ್ಲಿ ಹಿಡಿದಿದ್ದೆ. ಧೂಳು ಬರುತ್ತದೆ ಅಂತ ಸೆರಗನ್ನು ತಲೆ ಮೇಲೆ ಎಳೆದುಕೊಂಡೆ. ನಾನು ಹೇಗೆ ಕೂತಿದ್ದೇನೆ ಅನ್ನುವುದು ಬೇತಮಂಗಲದ ಕಡೆಯ ಒಬ್ಬ ಹೆಂಗಸು ಪಕ್ಕಕ್ಕೆ ಬಂದು, "ಕೂಸಾ?" ಅಂತ ಕೇಳಿದಾಗ ಗೊತ್ತಾಯಿತು. ಅಲ್ಲಿಂದ ಇಳಿಯುವವರೆಗೂ ನನಗೆ ಒಂದೇ ಯೋಚನೆ. ಇವಳು ಆ ಕೂಸನ್ನು ಹಿಡಿದು ಉಸಿರು ಬಿಗಿಹಿಡಿದು ಕೂತ ಹೊತ್ತಿನಲ್ಲಿ ಇವಳ ಕೂಸನ್ನು ಯಾರು ಹಿಡಿದಿದ್ದರು? ನಮ್ಮ ನಿಜವಾದ ತಾತ ಎಲ್ಲಿದ್ದ? ಅವನದ್ದು ಒಂದೂ ಫೋಟೋ ಇಲ್ಲ.

ಅತ್ತೆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕಾಯುತ್ತಿದ್ದರು. ಅವರಿಗೆ ಒಂದು ಕಣ್ಣು ಪೊರೆ ತೆಗೆಸಿದ್ದು, ಇನ್ನೊಂದು ಮಂಜು. ಯಜಮಾನರು ಚಪ್ಪಲಿ ಬಿಟ್ಟವರೇ ಹಿತ್ತಲಿಗೆ ಹೋದರು. ನಾನು ಎದುರು ಕೂತು, ಪೇಪರು ಬಿಚ್ಚಿ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮಗು ದೊರೆಯದ್ದು ಅಂತ, ಕುರ್ಚಿ ಹೆಂಗಸು ಅಂತ, ಆಯಾ ಅಂತ.

ಅವರು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಮುಗೀತಾ? ನಿನ್ನ ಬಣ್ಣಕ್ಕೊಂದು ನ್ಯಾಯ ಸಿಕ್ತು ಬಿಡು," ಅಂದರು.

"ನಾನು ಅದಕ್ಕೆ ಏಳ್ಲಿಲ್ಲ ಅತ್ತಮ್ಮ."

"ಇನ್ಯಾಕೆ ಏಳ್ದೆ? ನಾನು ಸಾಯೋಗಂಟ ತಡಕಳಕಾಗ್ಲಿಲ್ವಾ? ಆಮ್ಯಾಕೆ ನೀನು ಯಾರ್ನ ಬೇಕಾರೂ ಅಜ್ಜಿ ಅನ್ಕಾ."

"ಅವ್ಳು ಹಸ್ಕಂಡವ್ಳೆ ಅತ್ತಮ್ಮ," ಅಂದೆ. ಯಾಕೆ ಹಾಗೆ ಬಂತೋ ಗೊತ್ತಿಲ್ಲ.

ಅವರ ಕೈ ನಿಂತಿತು. ಮಡಿಲಲ್ಲಿದ್ದ ಕಾಳು ಜಗಲಿಯಿಂದ ಉರುಳಿ ಅಂಗಳಕ್ಕೆ ಬಿತ್ತು, ಆರಿಸಿಕೊಳ್ಳಲಿಲ್ಲ. "ನಮ್ಮತ್ತೆ ಇಕ್ಕೋರು," ಅಂದರು.

"ಏನು?"

"ತುತ್ತು. ಎಡೆ ಆದ್ಮ್ಯಾಕೆ ಒಂದು ಮುತ್ತುಗದೆಲೆ ತಗಂಡು ಹೊಸ್ಲಾಚೆ ಇಕ್ಕೋರು. 'ಬಂಗಲೆಯೋಳ್ಗೆ' ಅನ್ನೋರು. ಅದ್ಯಾರು ಅತ್ತಮ್ಮ ಅಂದ್ರೆ, 'ಸುಮ್ಕಿರು, ನಮ್ಮತ್ತೆ ಇಕ್ಕೋರು, ನಾನಿಕ್ತೀನಿ' ಅನ್ನೋರು. ಅವ್ರಿಗೂ ಗೊತ್ತಿತ್ತೋ ಇಲ್ವೋ." ಅವರು ಮೂಗು ಒರೆಸಿಕೊಂಡರು. "ಊರಾಗೆ ಯಾರೋ ಅಂದ್ರು, ಬಂಗಲೆಯೋಳು ಅಂದ್ರೆ ದೊರೆ ಇಟ್ಕಂಡಿದ್ದೋಳು ಅಂತ. ನಂಗೆ ಮೈ ಉರ್ದೋಯ್ತು. ಕುರ್ಚಿಮನೆಗೆ ಅಂತೋಳು ಯಾಕೆ? ಅತ್ತೆ ತೀರ್ಕಂಡ ವರ್ಷವೇ ನಿಲ್ಲಿಸ್ಬುಟ್ಟೆ. ನಾನೇ. ಈ ಕೈಯಾರೆ."

ಅಲ್ಲಿಯವರೆಗೂ ಹೊಸಿಲ ಹೊರಗಾದರೂ ಅವಳಿಗೆ ಒಂದು ತುತ್ತು ಇತ್ತು. ಅದೂ ತಪ್ಪಿದ್ದು ಇವರಿಂದ.

ಅವರು ಕೈ ಚಾಚಿದರು. ಫೋಟೋ ಕೊಟ್ಟೆ. ನನ್ನ ಬೆರಳು ಹಿಡಿದು ತೋರಿಸಿಕೊಂಡರು: ಇಲ್ಲಿ ಒಂದು ಕೈ, ಇಲ್ಲಿ ಒಂದು ಕೈ, ಇಲ್ಲಿ ಕಾಲು. ಗಾಜಿನ ಮೇಲೆ ಕಾಲುಂಗುರವಿದ್ದಲ್ಲಿ ಅವರ ಬೆರಳು ನಿಂತಿತು.

"ಮುಖ ಎಂಗೈತೆ?"

"ಮುಖ ಇಲ್ಲ ಅತ್ತಮ್ಮ. ಬಟ್ಟೆ ಐತೆ."

"ಒಂಚೂರೂ ಕಾಣಕ್ಕಿಲ್ವಾ?"

"ಇಲ್ಲ."

"ಕೂಸು ದೊರೇದು ಅಂದ್ಯಲ್ಲ. ಅವ್ಳದ್ದೂ ಆಗಿದ್ರೆ?"

"ಹಿಂದ್ಗಡೆ ಬರ್ದಿರೋದು ಅಂಗಿಲ್ಲ. ಅದಕ್ಕೂ ಮೇಲೆ ನಮಗೇನು ಗೊತ್ತು?"

ಅವರು ತಲೆಯಾಡಿಸಿದರು. ಆಮೇಲೆ ಅವರಿಗೆ ಏನು ನೆನಪಾಯಿತೋ, ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು. "ಲೇ, ಹಾಲು ಕುಡಿಯೋ ಕೂಸಿನ ಮುಂದೆ ವರ್ಷ ವರ್ಷ ಎಲೆ ಅಡಿಕೆ, ಬೀಡಿ ಕಟ್ಟು ಇಕ್ಕಿದೀವಲ್ಲೇ! ಏನಂದ್ಕಂಡಿರ್ತದೆ ಅದು?"

ಹಿತ್ತಲಿಂದ ಯಜಮಾನರು ಬಂದು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಆ ರಟ್ಟು. "ಅಮ್ಮಾ, ಇದನ್ನ ಆಕ್ಸೋದಾ?"

"ಯಾರ್ಲಾ ಅದನ್ನ ಮೊದ್ಲು ಆಕ್ಸಿದ್ದು? ನಿಮ್ಮ ತಾತನ್ನೇ ಕೇಳ್ಬೇಕು," ಅಂದರು ಅತ್ತೆ. "ಒಲೆಗಾಕು."

"ಆ ಮಗಿಗೆ ಇನ್ನ ಎಡೆ ಬ್ಯಾಡ್ವಾ ಅಂಗಾರೆ?"

ಅತ್ತೆ ಯೋಚಿಸಿದರು. "ಪಂಕ್ತಿಗೆ ಕೂತೋರನ್ನ ಅರ್ಧದಾಗೆ ಎಬ್ಬಿಸ್ತಾರಾ? ಯಾರ ಮಗನೋ, ನಮ್ಮೆಲೇಲಿ ಉಂಡವ್ನೆ. ಅವ್ನ ಹೆತ್ತೋರು ಯಾವ ಸೀಮೇಲಿ ಮಣ್ಣಾದ್ರೋ, ಅವ್ನಿಗೆ ಅಲ್ಲಿ ಯಾರು ಇಕ್ತಾರೆ? ಎರಡೆಲೆ ಹಾಕು. ಅವ್ನಿಗೆ ಹಾಲು ಇಕ್ಕು."

ಅಮಾವಾಸ್ಯೆಯ ದಿನ ಮಧ್ಯಾಹ್ನಕ್ಕೆಲ್ಲ ಅಡಿಗೆ ಮುಗಿಸಿದೆ. ಮುದ್ದೆ, ಕೋಳಿ ಸಾರು, ಅವರೆಕಾಳು, ವಡೆ, ಕಜ್ಜಾಯ. ಒಂದು ಕಜ್ಜಾಯವೂ ಎಣ್ಣೆಯಲ್ಲಿ ಒಡೆಯಲಿಲ್ಲ. ನಡುಮನೆಯಲ್ಲಿ ಹಲಗೆ ಹಾಕಿ ಫೋಟೋ ಇಟ್ಟು, ಎರಡು ಎಲೆ ಹಾಸಿದೆ. ಪ್ರತಿ ವರ್ಷ ತರುತ್ತಿದ್ದ ಪಂಚೆಯ ಬದಲು ಸೀರೆ ಬೇಕಿತ್ತು. ನಾನು ಕೊಳ್ಳೋಣ ಅಂದೆ. ಅತ್ತೆ ಒಪ್ಪದೆ ತಮ್ಮ ಪೆಟ್ಟಿಗೆಯಿಂದ ಇನ್ನೂ ಮಡಿಕೆ ಬಿಚ್ಚದ ಹಸಿರು ಸೀರೆಯನ್ನು ತೆಗೆದರು. ಜೊತೆಗೆ ಬಳೆ, ಅರಿಸಿನ ಕುಂಕುಮ, ಹೂವು.

ಎಡೆಗೆ ತಂದ ಬಟ್ಟೆಯನ್ನು ಫೋಟೋದ ಮೇಲೆ ಹೊದಿಸುವುದು ನಮ್ಮ ಮನೆಯ ರೂಢಿ. ಅತ್ತೆ ಸೀರೆಯನ್ನು ಅರ್ಧ ಬಿಚ್ಚಿ, ಕಣ್ಣಿಗೆ ಒತ್ತಿಕೊಂಡು, ಎರಡು ಕೈಯಲ್ಲಿ ಎತ್ತಿ ಫೋಟೋದ ಮೇಲೆ ಹಾಕಲು ಹೋದರು. ಭಕ್ತಿಯಿಂದಲೇ. ಹಸಿರು ಬಟ್ಟೆ ಮೇಲಿನಿಂದ ಇಳಿಯುತ್ತಾ ಬಂತು, ಕಪ್ಪು ಬಟ್ಟೆಯ ಮೇಲೆ ಇನ್ನೊಂದು ಬಟ್ಟೆ.

"ಬ್ಯಾಡ ಅತ್ತಮ್ಮ!" ಅಂತ ಕೂಗಿ ಅವರ ಕೈ ಹಿಡಿದುಕೊಂಡೆ. ಅತ್ತೆಯ ಕೈಯನ್ನು ನಾನು ಹಾಗೆ ಹಿಡಿದದ್ದು ಅದೇ ಮೊದಲು. "ಮ್ಯಾಲೆ ಆಕ್ಬ್ಯಾಡಿ. ಮುಚ್ಚಿದ್ದೇ ಸಾಕು."

ಅವರಿಗೆ ಅರ್ಥವಾಯಿತು. "ಅಯ್ಯೋ ನನ್ನ ಬುದ್ಧಿಗಿಷ್ಟು," ಅಂದು ಸೀರೆಯನ್ನು ಮಡಿಸಿ, ಆ ಕಾಲಿನ ಮುಂದೆ ಇಟ್ಟರು.

ಕರೆಯುವಾಗ ಹೆಸರು ಬೇಕಲ್ಲ. ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಅತ್ತೆ ಸ್ವಲ್ಪ ತಡವರಿಸಿ, "ಅತ್ತಮ್ಮಾ," ಅಂದರು. "ಅತ್ತಮ್ಮಾ, ತಪ್ಪಾಯ್ತು. ಒಳೀಕ್ಕೆ ಬನ್ನಿ. ಉಂಡೋಗಿ." ಅವರು ಯಾರನ್ನಾದರೂ ಹಾಗೆ ಕರೆದದ್ದನ್ನು ನಾನು ಕೇಳಿರಲಿಲ್ಲ. ನಾನು ಬಂದಾಗಲೇ ಅವರೇ ಮನೆಗೆ ಹಿರಿಯರು.

ಹಿರಿಯರು ಉಣ್ಣುವಾಗ ನಾವು ನೋಡಬಾರದು. ಬಾಗಿಲು ಎಳೆದುಕೊಂಡು ಮೂವರೂ ಅಂಗಳಕ್ಕೆ ಬಂದೆವು. ಪ್ರಸಾದಕ್ಕೆ ಬಂದಿದ್ದ ಪಕ್ಕದ ಮನೆಯಾಕೆ ಬಾಗಿಲು ಮುಚ್ಚುವ ಮುಂಚೆಯೇ ಒಳಗೆ ಇಣುಕಿದ್ದಳು.

"ಏನಣ್ಣಾ, ನಿಮ್ಮ ಕುರ್ಚಿಗೆ ಕೈಕಾಲು ಬಂದಂಗೈತೆ?" ಅಂದಳು ಯಜಮಾನರಿಗೆ.

ನಾನು ಅವರ ಮುಖ ನೋಡಿದೆ. ಅತ್ತೆಯೂ ಕಿವಿ ಅತ್ತ ಕೊಟ್ಟರು. ಯಜಮಾನರು ಜೇಬಿನಿಂದ ಕೈ ತೆಗೆದು ಬೇಲಿಯ ಮೇಲೆ ಇಟ್ಟರು.

"ಕುರ್ಚಿ ಅಲ್ಲ ಕಣಮ್ಮಾ. ನಮ್ಮಜ್ಜಿ. ಬಂಗಲೇಲಿ ಆಯಾ ಆಗಿದ್ರು. ಆ ಮಗು ನಮ್ದಲ್ಲ."

"ಅಯ್ಯ! ಅಂಗಾರೆ ಇನ್ನ ನಿಮ್ಮನ್ನ ಏನಂತ ಕರೆಯೋದು?"

"ಏನಾರ ಕರ್ಕಳಿ," ಅಂದರು ಅತ್ತೆ. "ಕೂಗಿದ್ರೆ ಓ ಅಂತೀವಿ."

ಸಂಜೆಯೊಳಗೆ ಊರೆಲ್ಲ ತಿಳಿಯುತ್ತದೆ ಅಂತ ನಮಗೆ ಗೊತ್ತಿತ್ತು, ತಿಳಿಯಿತು ಕೂಡ. ಈಗ ಚಪ್ಪರಗಳಲ್ಲಿ ನಮಗೆ ಕುರ್ಚಿ ಹಾಕುವವರು ಕಡಿಮೆ. ಹಾಕಿದಾಗ ಅತ್ತೆ ಒಂದು ಕ್ಷಣ ಅದರ ಬೆನ್ನನ್ನು ಮುಟ್ಟಿ ನೋಡಿ ಆಮೇಲೆ ಕೂರುತ್ತಾರೆ. ನನಗೂ ಹಾಗೇ ಆಗಿದೆ. ಬಟ್ಟೆ ಹೊದಿಸಿದ ಯಾವ ಕುರ್ಚಿಯಲ್ಲೂ ನಾನು ಮೈಬಿಟ್ಟು ಕೂರಲಾರೆ.

ಅವತ್ತು ಅಂಗಳದಲ್ಲಿ ನಿಂತಷ್ಟು ಹೊತ್ತೂ ಒಳಗಿನಿಂದ ಸದ್ದೇನೂ ಬರಲಿಲ್ಲ. ಬರಬಾರದು ಅಂತ ಬೇಡಿಕೊಂಡೆ, ಬರಲಿ ಅಂತಲೂ ಬೇಡಿಕೊಂಡೆ. ಮೂರು ಸಲ ಬಾಗಿಲು ತಟ್ಟಿ ನಾನೇ ಮೊದಲು ಒಳಗೆ ಹೋದೆ. ದೀಪ ನೆಟ್ಟಗೆ ಉರಿಯುತ್ತಿತ್ತು. ಎಲೆಗಳು ಬಡಿಸಿದ ಹಾಗೇ ಇದ್ದವು. ಗವಾಕ್ಷಿಯ ಬಿಸಿಲು ಗಾಜಿನ ಮೇಲೆ ಬಂದು ಮಗು ಮಾಯವಾಗಿ, ಬಗ್ಗಿದ ತಲೆಯ ಕಪ್ಪು ಮಾತ್ರ ಕಾಣುತ್ತಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಕಣ್ಣು ಮುಚ್ಚದೆ ನೋಡಿದೆ. ಹೆದರಿಕೆ ಹೋಗಿರಲಿಲ್ಲ. ಆ ಬಟ್ಟೆಯನ್ನು ಇನ್ನು ಯಾರೂ ಎತ್ತಲಾರರು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಒಳಗೆ ಬರಲಿಲ್ಲ. "ಉಂಡ್ಲಾ?" ಅಂದರು.

"ಉಂಡ್ಲು ಅತ್ತಮ್ಮ," ಅಂದೆ.

ಅದು ಸುಳ್ಳೋ ನಿಜವೋ ನನಗೆ ಈಗಲೂ ಗೊತ್ತಿಲ್ಲ. ಅತ್ತೆ ಹೊಸಿಲ ಮೇಲೇ ಕೂತುಕೊಂಡರು. ಕೊಟ್ಟಿಗೆಯಲ್ಲಿ ಹಸು ಕೂಗಿತು. ಡೈರಿಗೆ ಹಾಲು ಹಾಕುವ ಹೊತ್ತು ಹತ್ತಿರವಾಗಿತ್ತು. ಬಕೆಟ್ಟಿಗೆ ನೀರು ತುಂಬಿಕೊಂಡು ಕೆಚ್ಚಲು ತೊಳೆಯಲು ಹೋದೆ.